ಭಾವನ ಹೆಬ್ಬೆರಳು

ನಮ್ಮ ಶಾಲೆಯ ಉಪಮುಖ್ಯ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು 'ಮುರೀತೀನಿ ಮೇಷ್ಟ್ರು'. ಕೆಮ್ಮಿದರೂ ಮೂಳೆ ಮುರೀತೀನಿ, ಸೀನಿದರೂ ಮೂಳೆ ಮುರೀತೀನಿ. ಹೀಗಿರುವಾಗ ಒಂದು ಬುಧವಾರ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಲ್ಯಾಬಿನ ಪ್ಲಾಸ್ಟಿಕ್ ಅಸ್ಥಿಪಂಜರವನ್ನ ಬಿಚ್ಚಿ ಬೆಂಚಿನ ಮೇಲೆ ಹರವಿಬಿಟ್ಟಳು. ಮೇಷ್ಟ್ರು ಇಷ್ಟು ವರ್ಷ ಬಾಯಲ್ಲಿ ಮಾಡಿದ್ದನ್ನ ಅವಳು ಅರ್ಧ ಗಂಟೆಯಲ್ಲಿ ಕೈಯಲ್ಲಿ ಮಾಡಿದ್ದಳು.

ಪೇಚಿಗೆ ಸಿಕ್ಕಿದ್ದು ಲ್ಯಾಬ್ ಅಟೆಂಡರು. ಇಪ್ಪತ್ತೆರಡು ವರ್ಷದಿಂದ ಅದನ್ನ ಒರೆಸಿ ಕಾಪಾಡಿದವರು. ಆ ಅಸ್ಥಿಪಂಜರವನ್ನ 'ಭಾವ' ಅಂತಲೇ ಕರೀತಿದ್ದರು. "ಕೆಲಸ ಇಲ್ಲ ಬೊಗಸೆ ಇಲ್ಲ, ಮೂಲೆ ಬಿಟ್ಟು ಏಳಲ್ಲ. ನಮ್ಮನೇಲೂ ಇಂಥವರೇ ಒಬ್ಬರಿದ್ದಾರೆ."

ಸಂಜೆಯೊಳಗೆ ಮೇಷ್ಟ್ರು ತೀರ್ಪು ಬರೆದು ತಂದರು. ಹುಡುಗಿಗೆ ಒಂದು ವಾರ ಮನೆ. ಅಟೆಂಡರಿಗೆ ರಿಟೈರ್ ಆಗೋವರೆಗೂ ಗೇಟು. ಗೇಟಂದ್ರೆ ದಿನವಿಡೀ ಬಿಸಿಲಲ್ಲಿ ನಿಲ್ಲೋದು. ಅವರ ಮಂಡಿಗೆ ಎರಡು ಮೆಟ್ಟಿಲೇ ಹೆಚ್ಚು.

ಹೆಡ್ಮೇಡಂ ಆಗಷ್ಟೇ ಯಾವುದೋ ತರಬೇತಿ ಮುಗಿಸಿ ಬಂದಿದ್ದರು. "ಶಿಕ್ಷೆ ಪಕ್ಕಕ್ಕಿಡಿ. ಏನಾಯ್ತು, ಯಾಕಾಯ್ತು, ಯಾರಿಗೆ ನೋವಾಯ್ತು, ಹೇಗೆ ಸರಿಮಾಡೋದು, ಕೂತು ಮಾತಾಡೋಣ."

"ಮಾತಿಗೆ ಮಕ್ಕಳು ಬಗ್ತಾರಾ ಮೇಡಂ? ದಂಡಂ ದಶಗುಣಂ!"

"ಹತ್ತು ಗುಣ ಬೇಡ ಸಾರ್, ಸುಮ್ಮನೆ ಕೂರೋ ಒಂದು ಗುಣ ಸಾಕು."

ಆಫೀಸಲ್ಲಿ ನಾಲ್ಕು ಕುರ್ಚಿ ಹಾಕಿ ಕೂತರು. ಮೇಡಂ ಮೊದಲು ಕೇಳಿದ್ದು ಅಟೆಂಡರನ್ನ. "ನಿಮಗೆ ಹೇಗನ್ನಿಸ್ತು?"

"ನಂಗಾ?" ಅಟೆಂಡರು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಸರ್ವಿಸ್ಸಿನಲ್ಲೇ ಮೊದಲ ಸಲ ಬಂದ ಪ್ರಶ್ನೆ. ಉತ್ತರ ನಲವತ್ತು ನಿಮಿಷ ಹರೀತು. ಒಡೆದ ಬೀಕರು, ಹತ್ತು ವರ್ಷದಿಂದ ಕೇಳ್ತಿರೋ ಸ್ಟೂಲು, ಮಂಡಿ, ಮನೇಲಿರೋ ನಿಜವಾದ ಭಾವ, ಎಲ್ಲಾ ಬಂತು. ಕೊನೆಗೆ, "ಲ್ಯಾಬಿನ ಭಾವನ್ನ ಹಾಗೆ ಚೂರು ಚೂರಾಗಿ ನೋಡಿ ಹೊಟ್ಟೆ ಚುರ್ ಅಂತು ಮೇಡಂ."

ಹುಡುಗಿಯ ಕಣ್ಣು ತುಂಬಿತು. "ಸಾರಿ ಅಂಕಲ್."

"ಯಾಕಮ್ಮಾ ಬಿಚ್ಚಿದೆ?" ಮೇಡಂ ಕೇಳಿದರು.

"ಹೆಬ್ಬೆರಳು ಹಿಂದಕ್ಕಿತ್ತು ಮಿಸ್. ಎಡಗೈ ಬಲಕ್ಕೆ, ಬಲಗೈ ಎಡಕ್ಕೆ ಹಾಕಿದ್ರು. ಕೈ ಮಾತ್ರ ಬದಲಾಯಿಸೋಣ ಅಂತಿದ್ದೆ. ಒಂದು ಸ್ಕ್ರೂ ತೆಗೆದೆ, ಪೂರ್ತಿ ಸಂಸಾರಾನೇ ಕೈಗೆ ಬಂತು."

"ತಲೆಹರಟೆ!" ಅಂದರು ಮೇಷ್ಟ್ರು.

"ಎದ್ದು ನಿಂತು ಕೈ ಇಳಿಬಿಡಿ ಸಾರ್. ನೀವೇ ನೋಡಿ."

ನಾಲ್ಕೂ ಜನ ಪ್ರಾರ್ಥನೆಗೆ ನಿಂತ ಹಾಗೆ ನಿಂತರು. ಎಂಟೂ ಹೆಬ್ಬೆರಳು ಮುಂದಕ್ಕೇ ಇದ್ದವು.

"ಭಾವನ್ನ ಜೋಡಿಸಿದ್ದು ಯಾರು?" ಮೇಡಂ ಕೇಳಿದರು.

ಅಟೆಂಡರು ಫ್ಯಾನ್ ನೋಡಿದರು. "ಆಗ ವಿಜ್ಞಾನಕ್ಕೆ ಈ ಸಾರೇ ಇದ್ರಲ್ಲ ಮೇಡಂ... ನಾನು ಅವತ್ತೇ 'ಸಾರ್, ಕೈ ಯಾಕೋ...' ಅಂದೆ. ಮೂಳೆ ಮುರೀತೀನಿ ಅಂದ್ರು. ಸುಮ್ಮನಾದೆ."

ಇಪ್ಪತ್ತೆರಡು ವರ್ಷದ ಮಕ್ಕಳು ಆ ಕೈ ನೋಡಿಯೇ ಚಿತ್ರ ಬರೆದು ಪಾಸಾಗಿದ್ದರು.

"ಹೇಗೆ ಸರಿಮಾಡೋಣ?" ಮೇಡಂ ಮತ್ತೆ ಅಟೆಂಡರ ಕಡೆಗೇ ತಿರುಗಿದರು.

"ನಾವು ಮೂರು ಜನಾನೂ ಕೂತು ಜೋಡಿಸ್ತೀವಿ. ಸೋಮವಾರ ಭಾವ ನಿಂತ್ರೆ ನಾನು ಲ್ಯಾಬಲ್ಲೇ ಇರ್ತೀನಿ. ಬಿದ್ರೆ ಗೇಟು."

ಶನಿವಾರ ಮಧ್ಯಾಹ್ನ ಹುಡುಗಿ ಪುಸ್ತಕ ಹಿಡಿದಳು, ಅಟೆಂಡರು ಎಲುಬು ಹಿಡಿದರು, ಮೇಷ್ಟ್ರು ಸ್ಕ್ರೂಡ್ರೈವರ್ ಹಿಡಿದರು. ಮೇಷ್ಟ್ರು ಹಾಕಿದ ಆರು ಪಕ್ಕೆಲುಬು ತಲೆಕೆಳಗಾಗಿ ಕೂತವು. ಹುಡುಗಿ ನೋಡಿದಳು. ಮೇಷ್ಟ್ರು ಕತ್ತು ಒಳಗೆಳೆದುಕೊಂಡು ಬೈಗುಳಕ್ಕೆ ಕಾದರು.

"ಪರವಾಗಿಲ್ಲ ಸಾರ್, ಬಿಚ್ಚಿ ಇನ್ನೊಂದ್ಸಲ ಹಾಕೋಣ," ಅಂದಳು ಹುಡುಗಿ.

ಸೋಮವಾರ ಭಾವ ನೆಟ್ಟಗೆ ನಿಂತಿದ್ದ. ಮೇಡಂ ಬಂದು ನೋಡಿ, ಗೇಟಿನ ಕಾಗದ ಹರಿದು ಹಾಕಿ ಹೋದರು. ಮೇಷ್ಟ್ರು ಮಾತ್ರ ಅಲ್ಲೇ ಉಳಿದರು. "ಎಲ್ಲಾ ಸರಿ ಇದೆ ತಾನೇ?"

"ಎಡಪಾದ ಯಾಕೋ..." ಅಟೆಂಡರು ಅಭ್ಯಾಸಬಲದಿಂದ ಅರ್ಧಕ್ಕೇ ನಿಲ್ಲಿಸಿದರು.

ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು.

"ಪೂರ್ತಿ ಹೇಳಪ್ಪ."