ಆರಕ್ಕಾರು

ದಾರಿಯಲ್ಲಿ ಎದುರಾದರೆ ಅವರು ಮೊದಲು ನೋಡುವುದು ನಿಮ್ಮ ಮುಖವನ್ನಲ್ಲ, ಕಿವಿಗಳನ್ನು. ಕನ್ನಡಕದ ಕಡ್ಡಿಗಳು ಎರಡೂ ಕಿವಿಗಳ ಮೇಲೆ ಸಮನಾಗಿ ಕೂತಿವೆಯೋ, ಎಡಗಡೆಯದು ಕೂದಲೆಳೆಯಷ್ಟು ಮೇಲೆದ್ದಿದೆಯೋ ಎಂಬುದು ಇತ್ಯರ್ಥವಾದ ಮೇಲೆಯೇ ನಮಸ್ಕಾರ, ಕುಶಲಪ್ರಶ್ನೆ ಇತ್ಯಾದಿ. ಅದೂ ಬಾಯಿಯ ಕೆಲಸ. ಅಷ್ಟರಲ್ಲಿ ಅವರ ಎರಡು ಬೆರಳುಗಳು ನಿಮ್ಮ ಮೂಗಿನ ಮೇಲಿದ್ದುದನ್ನು ಅನುಮತಿ ಕೇಳದೆ ಎತ್ತಿಕೊಂಡಿರುತ್ತವೆ, ‘ಹಾ’ ಎಂದು ಬಿಸಿಯುಸಿರು ಬಿದ್ದಿರುತ್ತದೆ, ಕಂದು ಕೋಟಿನ ಮೇಲ್ಜೇಬಿನಿಂದ ಹೊರಬಂದ ಹಳದಿ ಬಟ್ಟೆ ಗಾಜನ್ನು ಉಜ್ಜುತ್ತಿರುತ್ತದೆ. ಮದುವೆಮನೆಯಾದರೇನು, ಸಾವಿನ ಮನೆಯಾದರೇನು! ಒಮ್ಮೆ ತೀರಿಕೊಂಡ ಹಿರಿಯರೊಬ್ಬರ ಮನೆಯಲ್ಲಿ ಬಿಕ್ಕಿಬಿಕ್ಕಿ ಅಳುತ್ತಿದ್ದ ದೊಡ್ಡ ಮಗನ ಕನ್ನಡಕವನ್ನು ಹೀಗೆಯೇ ತೆಗೆದು, ಒರೆಸಿ, ಜೋಪಾನವಾಗಿ ಮತ್ತೆ ತೊಡಿಸಿ, “ಹೂಂ, ಈಗ ಅಳಿ” ಎಂದಿದ್ದರು. ಆ ಮನುಷ್ಯ ಅಳುವುದನ್ನು ಬಿಟ್ಟು ನಕ್ಕುಬಿಟ್ಟನಂತೆ. ಅವನಿಗೆ ಅಂದು ಅದೇ ಬೇಕಾಗಿತ್ತೇನೋ.

ನಮ್ಮ ಬೀದಿಯ ತಿರುವಿನಲ್ಲಿ ಅವರ ತಂದೆ ಕಟ್ಟಿದ ಕನ್ನಡಕದ ಅಂಗಡಿ ಇದೆ. ಮುಂದೆ ಗಾಜಿನ ಕಪಾಟುಗಳು, ಹಿಂದೆ ಉದ್ದನೆಯ ಓಣಿಯಂಥ ಕೋಣೆ, ಅದರ ತುದಿಯ ಗೋಡೆಗೆ ಅಕ್ಷರಗಳ ಫಲಕ. ಫಲಕದಿಂದ ಆರು ಮೀಟರಿಗೆ ನೆಲದ ಮೇಲೊಂದು ಕೆಂಪು ಗೆರೆ. ಆ ಗೆರೆಯ ಮೇಲೆ ನಿಂತು, ಆರು ಮೀಟರಿನಿಂದ ಕಾಣಬೇಕಾದುದೆಲ್ಲ ಕಂಡರೆ ದೃಷ್ಟಿ ಆರಕ್ಕೆ ಆರು, ಪರಿಪೂರ್ಣ. ಅರವತ್ತಮೂರು ದಾಟಿದರೂ ಕನ್ನಡಕವಿಲ್ಲದ ಈ ಕನ್ನಡಕದಂಗಡಿಯವರಿಗೆ ಊರು ಇಟ್ಟ ಹೆಸರೂ ಅದೇ: ಆರಕ್ಕಾರು. ಅಡ್ಡಹೆಸರೆಂದು ಅವರು ಎಂದೂ ಬೇಸರಪಟ್ಟುಕೊಳ್ಳಲಿಲ್ಲ. ಬಿರುದೆಂದೇ ತಿಳಿದು ಎದೆಯುಬ್ಬಿಸಿಕೊಂಡು, ಪಾದಗಳನ್ನು ಎರಡು ಕಡೆಗೆ ಚೆಲ್ಲುತ್ತ ನಡೆದರು.

ಒಂದೊಂದೇ ಗಾಜನ್ನು ಬದಲಿಸುತ್ತ “ಹೀಗಾ... ಹೀಗಾ?” ಎಂದು ಕೇಳಿ ಕೇಳಿ ಅದು ಅವರ ನಾಲಗೆಗೆ ಅಂಟಿಕೊಂಡುಬಿಟ್ಟಿತ್ತು. ತರಕಾರಿಯವನ ಮುಂದೆ ಎರಡು ಕುಂಬಳಕಾಯಿ ಹಿಡಿದು, “ಹೀಗಾ... ಹೀಗಾ?” ಮೊಮ್ಮಗುವಿಗೆ ಹೆಸರಿಡುವಾಗಲೂ ಅದೇ. “ನನ್ನನ್ನ ನೋಡೋಕೆ ಬಂದಾಗ ಒಂದು ಸಲ ದೀಪ ಹಾಕಿಸಿದ್ರು, ಒಂದು ಸಲ ಆರಿಸಿದ್ರು. ಯಾವುದರಲ್ಲಿ ಒಪ್ಪಿದ್ರೋ ಇವತ್ತಿಗೂ ಗೊತ್ತಿಲ್ಲ” ಎಂದು ಅವರ ಹೆಂಡತಿ ನನ್ನೆದುರಿಗೇ ಛೇಡಿಸುತ್ತಿದ್ದರು.

ಆದರೆ ನಲವತ್ತರ ಹೊಸ್ತಿಲು ದಾಟಿದವರನ್ನು ಅವರು ನಡೆಸಿಕೊಳ್ಳುತ್ತಿದ್ದ ರೀತಿಯಿದೆಯಲ್ಲ, ಅದಕ್ಕೆ ಕೈಮುಗಿಯಬೇಕು. ನಾನೂ ಹಾಗೆ ಹೋದವನೇ. ಸೋದರಮಾವ ತೀರಿಕೊಂಡಾಗ ಕಚೇರಿಯೊಂದರಲ್ಲಿ ಅರ್ಜಿ ತುಂಬಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೊಟ್ಟಿದ್ದೆ. ಗುಮಾಸ್ತೆ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಸಾರ್, ಇದರ ಪ್ರಕಾರ ತೀರಿಕೊಂಡಿರೋದು ನೀವು. ಅರ್ಜಿ ಕೊಡ್ತಿರೋದು ನಿಮ್ಮ ಮಾವ” ಎಂದಳು. ಸಾಲಿನಲ್ಲಿದ್ದವರೆಲ್ಲ ಘೊಳ್ಳೆಂದರು. ಇಂಗು ತಿಂದ ಮಂಗನ ಮುಖ ಹೊತ್ತು ನೇರ ಈ ಅಂಗಡಿಗೆ ಬಂದು, ಅರ್ಜಿಯ ಅಕ್ಷರ ಇರುವೆಗಿಂತ ಚಿಕ್ಕದಾಗಿತ್ತೆಂದು ದೂರಿದೆ. ವಯಸ್ಸಿನ ಮಾತನ್ನು ಅವರು ಎತ್ತಲೇ ಇಲ್ಲ. “ಕಚೇರಿಯವರ ಬುದ್ಧಿಯೇ ಅಷ್ಟು. ಅವರು ತಿದ್ದಿಕೊಳ್ಳೋವರೆಗೆ ನೀವು ಇದನ್ನ ಹಾಕ್ಕೊಂಡಿರಿ” ಎಂದು ಗಾಜು ಕೂರಿಸಿದರು. ಹದಿನಾರು ವರ್ಷವಾಯಿತು, ಕಚೇರಿಯವರು ಇನ್ನೂ ತಿದ್ದಿಕೊಂಡಿಲ್ಲ.

ಊರಿಗೆಲ್ಲ ಇಷ್ಟು ಸಲೀಸಾಗಿ ವಯಸ್ಸನ್ನು ದಾಟಿಸಿದವರಿಗೆ ತಮ್ಮದೊಂದನ್ನು ಮಾತ್ರ ದಾಟಲಾಗಲಿಲ್ಲ. ಅದಕ್ಕೆ ಕಾರಣವಿತ್ತು. ಮೂವತ್ತರ ಬಿಸಿರಕ್ತದಲ್ಲಿ ಅವರಾಡಿದ ಮಾತೊಂದಿತ್ತು. ಅವರ ತಂದೆ ಒಂದು ದಿನ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿಕೊಟ್ಟಾಗ, ಗಿರಾಕಿಯ ಎದುರಿಗೇ, “ಸಾಕಪ್ಪ, ಇನ್ನು ಮನೇಲಿರಿ. ಕಣ್ಣು ಕಾಣದವರು ಈ ಕುರ್ಚೀಲಿ ಕೂರಬಾರದು” ಎಂದುಬಿಟ್ಟಿದ್ದರು. ತಂದೆ ಜೇಬಿನ ಪುಟ್ಟ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಹೋದವರು, ಬದುಕಿದ್ದ ಒಂಬತ್ತು ವರ್ಷವೂ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. “ತಪ್ಪು ಮಾತಲ್ಲ ಅದು. ಆದರೆ ಹಾಗೆ ಹೇಳಬಾರದಾಗಿತ್ತು” ಎಂದು ನನ್ನೊಡನೆ ಒಮ್ಮೆ ಅಂದಿದ್ದರು. ಆ ಮಾತು ಸುತ್ತು ಹಾಕಿಕೊಂಡು ತಮ್ಮ ಬಾಗಿಲಿಗೂ ಬರುತ್ತದೆಂಬ ಅಂಜಿಕೆ ಅವರೊಳಗಿತ್ತು. ಅಂಗಡಿ ಬಿಟ್ಟರೆ ಅವರಿಗೆ ಇನ್ನೊಂದು ಲೋಕವಿರಲಿಲ್ಲ.

ಆದ್ದರಿಂದಲೇ ಅವರ ವಾರ್ಷಿಕ ಪ್ರದರ್ಶನ. ಪ್ರತಿವರ್ಷ ಅಂಗಡಿ ಶುರುವಾದ ದಿನ, ಕಾದು ಕೂತ ಗಿರಾಕಿಗಳ ಎದುರಿಗೆ ಕೆಂಪು ಗೆರೆಯ ಮೇಲೆ ನಿಂತು, ಫಲಕದ ಕಟ್ಟಕಡೆಯ ಸಾಲನ್ನು ಬಲಗಣ್ಣು ಮುಚ್ಚಿ ಒಮ್ಮೆ, ಎಡಗಣ್ಣು ಮುಚ್ಚಿ ಒಮ್ಮೆ ಗಟ್ಟಿಯಾಗಿ ಓದುವುದು. ನಾವು ಚಪ್ಪಾಳೆ ತಟ್ಟುವುದು. ಕೆಲಸದ ಮೇಜಿನಲ್ಲಿ ಭೂತಗನ್ನಡಿ ಬಂದು ಕೂತಿತ್ತು ನಿಜ. ಅದು ಕನ್ನಡಕವಲ್ಲ, ಉಪಕರಣ ಎಂದು ಅವರ ವಾದ. ಇದೇ ವಿದ್ಯೆ ಕಲಿತು ಅವರ ಪಕ್ಕದ ಕುರ್ಚಿಗೆ ಬಂದಿದ್ದ ಮಗಳು ಎರಡು ವರ್ಷದಿಂದ, “ಅಪ್ಪ, ನಿಮಗೆ ಬೆನ್ನುನೋವು, ಬಗ್ಗಬೇಡಿ” ಎಂದು ಗಾಜಿಗೆ ಗುರುತು ಹಾಕುವ ಸೂಕ್ಷ್ಮ ಕೆಲಸವನ್ನೆಲ್ಲ ತಾನೇ ತೆಗೆದುಕೊಂಡಿದ್ದಳು. ಇಲ್ಲದ ಬೆನ್ನುನೋವನ್ನು ಅವರೂ ಪಾಪ ಒಪ್ಪಿಕೊಂಡಿದ್ದರು.

ಈ ಸಲದ ಪ್ರದರ್ಶನಕ್ಕೆ ನಾನೂ ಇದ್ದೆ. ಹಳೆಯ ಫಲಕ ಹಳದಿಗಟ್ಟಿತೆಂದು ಮಗಳು ಹಿಂದಿನ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹೊಸತನ್ನು ತಂದು ಹಾಕಿದ್ದಳಂತೆ. ಅಷ್ಟೇ ಅಗಲ, ಅಷ್ಟೇ ಸಾಲು, ಅಕ್ಷರ ಮಾತ್ರ ಬೇರೆ. ಹೇಳಿಯೂ ಇದ್ದಳಂತೆ, ಗೋಡೆಯ ಮೇಲಿನ ಸಾಮಾನಿನ ಮಾತಿಗೆಲ್ಲ ‘ಹೂಂ’ ಅನ್ನುವುದು ಅವರ ವಾಡಿಕೆ. ಗೆರೆಯ ಮೇಲೆ ನಿಂತು, ಕೋಟು ಸರಿಪಡಿಸಿಕೊಂಡು, ಒಂದು ಕಣ್ಣು ಮುಚ್ಚಿ, ತುಂಬಿದ ಕಂಠದಲ್ಲಿ ಓದಿದರು: “ಟ, ಗ, ವ, ಲ, ನ, ಮ!”

ನಾನು ಚಪ್ಪಾಳೆಗೆ ಕೈಯೆತ್ತಿದ್ದೆ. ಆಗ, ಐದು ನಿಮಿಷದ ಹಿಂದಷ್ಟೇ ಹೊಸ ಕನ್ನಡಕ ತೊಟ್ಟು, ಗೋಡೆ, ಫ್ಯಾನು, ತನ್ನ ಅಂಗೈ ಎಲ್ಲವನ್ನೂ ಹೊಸದಾಗಿ ನೋಡುತ್ತ ಕೂತಿದ್ದ ಅಜ್ಜಿಯೊಬ್ಬಳು ಬಾಯಿಬಿಟ್ಟಳು. “ಅಯ್ಯೋ, ಅಲ್ಲಿ ‘ಟ’ ಎಲ್ಲಿದೆಯಪ್ಪಾ? ಮೊದಲನೇದು ‘ಸ’ ಅಲ್ವಾ?”

ಅಜ್ಜಿಗೆ ಆ ಕನ್ನಡಕ ಕೊಟ್ಟವರು ಅವರೇ. ಅದು ತಪ್ಪೆನ್ನುವಂತಿರಲಿಲ್ಲ, ಸರಿಯೆನ್ನುವಂತಿರಲಿಲ್ಲ. ಮುಚ್ಚಿದ್ದ ಕಣ್ಣಿನಿಂದ ಕೈ ತೆಗೆದರು. ಎರಡು ಹೆಜ್ಜೆ ಮುಂದೆ ಹೋದರು, ಇನ್ನೆರಡು ಹೋದರು. ಫಲಕಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ತಾವು ಓದಿದ್ದರಲ್ಲಿ ಕಣ್ಣು ಕಂಡದ್ದೆಷ್ಟು, ಬಾಯಿಗೆ ಬಂದದ್ದೆಷ್ಟು ಎಂದು ಅಳೆಯುತ್ತಿದ್ದರೋ ಏನೋ. ನನಗಂತೂ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೇರೆ ಯಾರಾದರೂ ಆಗಿದ್ದರೆ ಬೆಳಕಿನ ಮೇಲೋ, ಫಲಕ ಬದಲಿಸಿದ ಮಗಳ ಮೇಲೋ ಹರಿಹಾಯುತ್ತಿದ್ದರು. ಅವರು ಅಜ್ಜಿಯ ಕಡೆ ತಿರುಗಿ, “‘ಸ’ನೇ ತಾಯಿ. ನೀವು ಓದಿದ್ರಿ, ನಾನು ಬಾಯಿಪಾಠ ಒಪ್ಪಿಸಿದೆ” ಎಂದು, ನೇರವಾಗಿ ನಡೆದು ಹೋಗಿ, ಜನ್ಮದಲ್ಲಿ ಎಂದೂ ಕೂರದಿದ್ದ ಗಿರಾಕಿಯ ಕುರ್ಚಿಯಲ್ಲಿ ಕೂತರು.

ಮಗಳು ಪರೀಕ್ಷೆಯ ದಪ್ಪ ಚೌಕಟ್ಟನ್ನು ಅಪ್ಪನ ಮೂಗಿಗೇರಿಸಿ ಒಂದು ಗಾಜು ಇಟ್ಟಳು, ತೆಗೆದು ಇನ್ನೊಂದಿಟ್ಟಳು. “ಹೀಗಾ... ಹೀಗಾ?”

ಜೀವಮಾನವಿಡೀ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟು ಕಷ್ಟವೆಂದು ಅವರಿಗೆ ಆಗ ತಿಳಿದಿರಬೇಕು. “ಎರಡನೇದು... ಅಲ್ಲ, ಇನ್ನೊಂದು ಸಲ ತೋರಿಸಮ್ಮ” ಎಂದರು.

“ನಿಧಾನಕ್ಕೆ ಹೇಳಿ ಅಪ್ಪ, ಅವಸರ ಇಲ್ಲ.”

ಎಲ್ಲ ಮುಗಿದ ಮೇಲೆ ಅವರು ಕೋಟಿನ ಜೇಬಿಗೆ ಕೈಹಾಕಿ ಸ್ಕ್ರೂಡ್ರೈವರನ್ನು ಹೊರತೆಗೆದು, ಸದ್ದಾಗದಂತೆ ಮೇಜಿನ ಮೇಲಿಟ್ಟು ಎದ್ದು ನಿಂತರು. ಅದರ ಅರ್ಥ ಆ ಕೋಣೆಯಲ್ಲಿ ನಮ್ಮ ಮೂವರಿಗೆ ಗೊತ್ತಿತ್ತು.

“ಅದನ್ನ ಯಾಕೆ ಅಲ್ಲಿಟ್ರಿ?” ಎಂದಳು ಮಗಳು. “ಅಜ್ಜಿ ಕನ್ನಡಕದ ಕಡ್ಡಿ ಸಡಿಲ ಇದೆ. ಬಿಗಿ ಮಾಡಿಕೊಡಿ.”

“ಕಣ್ಣು ಕಾಣದವರು ಈ ಕುರ್ಚೀಲಿ...”

“ಈಗ ಕಾಣ್ತಿದೆಯಲ್ಲಪ್ಪ?”

ಅವರು ತಲೆಯೆತ್ತಿದರು. ಆ ವಿಚಿತ್ರ ಚೌಕಟ್ಟಿನೊಳಗಿಂದ ಮಗಳ ಮುಖವನ್ನು ನೋಡಿದರು. ಇದೊಂದು ಸಲ ಅವರು ಯಾರ ಕಿವಿಯನ್ನೂ ನೋಡಲಿಲ್ಲ. “ಅಯ್ಯೋ ಮಗಳೇ, ನಿನಗೆ ನರೆ ಬಂದಿದೆ!”

“ಮೂರು ವರ್ಷ ಆಯ್ತು. ನಿಮಗೆ ಬಿಟ್ಟು ಊರಿಗೆಲ್ಲ ಗೊತ್ತು.”

ಅವರು ನಗಲು ಹೋದರು, ಆಗಲಿಲ್ಲ. ಗಾಜುಗಳ ಹಿಂದೆ ಕಣ್ಣು ತುಂಬಿಕೊಂಡವು. ಮಗಳು ಚೌಕಟ್ಟನ್ನು ಮೆಲ್ಲಗೆ ತೆಗೆದು, ಅಪ್ಪನ ಮೇಲ್ಜೇಬಿನಿಂದಲೇ ಹಳದಿ ಬಟ್ಟೆ ಎಳೆದುಕೊಂಡು, ‘ಹಾ’ ಎಂದು ಊದಿ, ಒರೆಸಿ, ಮತ್ತೆ ತೊಡಿಸಿದಳು. “ಹೂಂ, ಈಗ ಅಳಿ.”

ಅವರು ಅತ್ತರು. ಆಮೇಲೆ ಅಜ್ಜಿಯ ಕನ್ನಡಕದ ಸ್ಕ್ರೂ ಬಿಗಿ ಮಾಡಿದರು.

ಊರು ಈಗಲೂ ಅವರನ್ನು ಆರಕ್ಕಾರು ಎಂದೇ ಕರೆಯುತ್ತದೆ, ಕನ್ನಡಕ ಹಾಕಿಕೊಂಡರೆ ಅದು ಸುಳ್ಳೂ ಅಲ್ಲ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ವಯಸ್ಸೂ ಹಾಗೆಯೇ, ಅದನ್ನು ನಮಗೆ ಯಾರಾದರೂ ಓದಿ ಹೇಳಬೇಕು, ಹೆಚ್ಚಾಗಿ ನಾವೇ ಕಣ್ಣು ಕೊಟ್ಟ ಯಾರೋ ಒಬ್ಬರು. ಹಾಗೆ ಓದಿದವರ ಮೇಲೆ ಸಿಡುಕುವವರೇ ನಮ್ಮಲ್ಲಿ ಹೆಚ್ಚು. ನೀವೇ ಸರಿ ಎಂದು ಒಪ್ಪಿ, ಎದ್ದು ಹೋಗಿ ಎದುರಿನ ಕುರ್ಚಿಯಲ್ಲಿ ಕೂರುವವರು ಅಪರೂಪ. ಅಂಥವರಿಗೆ ಮುಪ್ಪು ಬರುತ್ತದೆ, ಆದರೆ ಅವರನ್ನು ಯಾರೂ ಮನೆಗೆ ಕಳಿಸುವುದಿಲ್ಲ.