ಹಲಸಿನ ಮೇಜಿನ ಮೇಲಿನ ಲಾಡು

ಆಸ್ಪತ್ರೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಅದರ ಮುಂದೆ ಶಾಮಿಯಾನ ಹಾಕಿದ್ದರು. ಸಂತೆಬಾಚಹಳ್ಳಿ ಹೋಬಳಿಯ ಆ ಊರಿನ ಹೆಸರು ಬೇಡ. ಹೇಳಿದರೆ ನಾಳೆ ನಾಲ್ಕು ಜನ ಜಗಳಕ್ಕೆ ಬಂದು ನಿಲ್ಲುತ್ತಾರೆ. ತೊಂಬತ್ತೇಳನೇ ಇಸವಿಯ ಮಾತು ಎಂದರೆ ಸಾಕು. ಬಡಗಿ ಮೌನೇಶಾಚಾರಿ ಗೇಟಿನೊಳಗೆ ಕಾಲಿಟ್ಟ ಕೂಡಲೇ ಫಿನಾಯಿಲ್ ಮೂಗಿಗೆ ಹೊಡೆಯಿತು. ವರ್ಷಗಟ್ಟಲೆ ಒಂದು ಹನಿ ಕಾಣದ ನೆಲಕ್ಕೆ ಒಂದೇ ದಿನ ಡಬ್ಬಗಟ್ಟಲೆ ಸುರಿದಿದ್ದರು. ಆದರೂ ಹಿತ್ತಿಲಲ್ಲಿ ಹಂದಿಗಳು ಕೆದರಿದ ಕೀವಿನ ಬ್ಯಾಂಡೇಜಿನ ನಾತ ಅದನ್ನು ಸೀಳಿಕೊಂಡು ಬರುತ್ತಲೇ ಇತ್ತು. ನಲ್ಲಿ ಒಣಗಿ ಯಾವ ಕಾಲವಾಗಿತ್ತೋ. ಹೆರಿಗೆ ವಾರ್ಡಿಗೆ ಎರಡು ವರ್ಷದಿಂದ ಬೀಗ. ಒಳಗೆ ಯಾರದೋ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಕೊಳೆಯುತ್ತಿದ್ದವು. ಗೋಡೆಗೆ ಮಾತ್ರ ಹೊಸ ಸುಣ್ಣ. ಆಚಾರಿ ಹೆಗಲ ವಸ್ತ್ರವನ್ನು ಮೂಗಿಗೆ ಹಿಡಿದ.

ಅವನ ಜೊತೆ ಕೋಲೂರಿಕೊಂಡು ಬಂದವಳು ಪುಟ್ಟಗೌರಮ್ಮ, ಎಂಬತ್ತು ದಾಟಿದ ಮುದುಕಿ. ಈ ಊರಿನ ಯಾವ ಸಮಾರಂಭಕ್ಕೂ ಕಾಲಿಡದವಳನ್ನು ಆಚಾರಿಯೇ ನಾಲ್ಕು ದಿನ ಕಾಡಿ ಒಪ್ಪಿಸಿದ್ದ. "ನಿಮ್ಮ ಮಗಳ ಎಸರ ಇವತ್ತು ಮೈಕಲ್ಲಿ ಓದ್ತಾರೆ ಕಣವ್ವ. ಅದು ನನ್ನ ಮಾತು," ಎಂದಿದ್ದ. ಆ ಮಾತಿನ ಮೇಲೆ ಅವಳು ಪೆಟ್ಟಿಗೆಯಿಂದ ಒಗೆದ ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದಳು.

ಅವಳ ಒಬ್ಬಳೇ ಮಗಳು ಚಿಕ್ಕಬೋರಮ್ಮ. ಅರವತ್ತೊಂಬತ್ತರಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಎರಡು ದಿನ ನೋವು ತಿಂದು, ಕೆ.ಆರ್. ಪೇಟೆಯ ದಾರಿಯಲ್ಲಿ ಎತ್ತಿನ ಗಾಡಿಯಲ್ಲೇ ಪ್ರಾಣ ಬಿಟ್ಟಿದ್ದಳು. ಮಗುವೂ ಉಳಿಯಲಿಲ್ಲ. ಹೆರಿಗೆಯಲ್ಲಿ ಸತ್ತವಳ ಅನ್ನ ಅನಿಷ್ಟವೆಂದು ತಿಥಿಗೆ ಊರಿನ ಒಂದು ನರಪಿಳ್ಳೆಯೂ ಬರಲಿಲ್ಲ. ಹಾಸಿದ ಎಲೆ ಹಾಗೇ ಒಣಗಿದ್ದನ್ನು ಆಚಾರಿ ಕಣ್ಣಾರೆ ಕಂಡಿದ್ದ. ತಾನೂ ಅವತ್ತು ಕೂರಲಿಲ್ಲ ಎಂಬುದು ಅವನನ್ನು ಇವತ್ತಿಗೂ ಕೊರೆಯುತ್ತಿತ್ತು.

ಮುಂದಿನ ವರ್ಷ, ಊರವರು ಜಾಗ ಕೊಟ್ಟರೆ ಹೆರಿಗೆ ಆಸ್ಪತ್ರೆ ಕಟ್ಟಿಸಿ ಡಾಕ್ಟರನ್ನು ಕಳಿಸುತ್ತೇವೆ ಎಂದು ಸರ್ಕಾರದವರು ಹೇಳಿದರು. ಊರಿಗೆಲ್ಲ ದೊಡ್ಡ ಹಿಡುವಳಿ ಹೊನ್ನಪ್ಪಗೌಡನದು. ಕಂಡಕಂಡ ಹೆಂಗಸರ ಪುರುಡಿನ ಮೈಲಿಗೆ ತನ್ನ ಗದ್ದೆಯ ನೀರಿಗೆ ಸೇರುತ್ತದೆಂದು ಅವನು ಒಂದು ಗುಂಟೆಯನ್ನೂ ಬಿಡಲಿಲ್ಲ. ಪುಟ್ಟಗೌರಮ್ಮ ತನ್ನ ಹತ್ತು ಗುಂಟೆ ಹಿತ್ತಿಲನ್ನು ಬರೆದುಕೊಟ್ಟಳು. ಕೇಳಿದ್ದು ಒಂದೇ, ಬಾಗಿಲ ಮೇಲೆ ಮಗಳ ಹೆಸರಿರಬೇಕು. ಹಿರೀಕರು ಹೌಹಾರಿದರು. ಹೆರುವಾಗ ಸತ್ತವಳ ಹೆಸರು ಹೆರಿಗೆ ಮನೆಗಾ ಎಂದು ಕೈ ಕೊಡವಿ ಎದ್ದುಹೋದರು. ಜಾಗ ಮಾತ್ರ ಇಸಿದುಕೊಂಡರು.

ಕಟ್ಟಡಕ್ಕಾಗಿ ಕಡಿದ ಅವಳ ಹಿತ್ತಿಲ ಹಲಸಿನ ಮರದಿಂದಲೇ ಆಚಾರಿ ಹೆರಿಗೆ ಮೇಜು ಮಾಡಿದ. ಒಂದು ಮೊಳೆ ಹೊಡೆಯದೆ ಬರೀ ಬೆಣೆಯಲ್ಲಿ ಕೂಡಿಸಿದ ಕೆಲಸ. ಮಲಗಿದವಳ ಕಾಲ ಕಡೆಯ ಹಲಗೆಯನ್ನು ನರ್ಸಮ್ಮ ಹೇಳಿದಂತೆ ಅರ್ಧಚಂದ್ರದ ಹಾಗೆ ಕೊರೆದಿದ್ದ. ಮೇಜಿನ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದ ಕಡೆ ಉಳಿ ಹಿಡಿದು ಚಿಕ್ಕಬೋರಮ್ಮ ಎಂದು ಕೆತ್ತಿದ. ಅದನ್ನು ತಾಯಿಗೊಬ್ಬಳಿಗೇ ತೋರಿಸಿದ್ದ. ವರ್ಷವರ್ಷ ಆಯುಧಪೂಜೆಯ ದಿನ ಅವನು ಬಂದು ಮೇಜಿಗೆ ಎಣ್ಣೆ ಸವರಿ ಬೆಣೆ ಬಿಗಿ ಮಾಡುತ್ತಿದ್ದ. ಅವಳು ಬಂದು ಅಡಿಗೆ ಕೈ ಹಾಕಿ ಹೆಸರಿಗೆ ಕುಂಕುಮ ಹಚ್ಚುತ್ತಿದ್ದಳು. ವಾರ್ಡಿಗೆ ಬೀಗ ಬಿದ್ದ ಮೇಲೆ ಅದೂ ನಿಂತಿತು.

ಈಗ ಸಮಾರಂಭಕ್ಕೆ ಆಸ್ಪತ್ರೆಯ ಚರಿತ್ರೆ ಬರೆಯುವ ಕೆಲಸ ಆಚಾರಿಯ ಅಕ್ಕನ ಮಗ, ಮೇಷ್ಟ್ರು ಶ್ರೀನಿವಾಸನ ಪಾಲಿಗೆ ಬಂದಿತ್ತು. ಸೋದರಮಾವನ ಬಾಯಿಂದ ಎಲ್ಲವನ್ನೂ ಕೇಳಿ ಬರೆದುಕೊಂಡು, ಶ್ರೀರಂಗಪಟ್ಟಣಕ್ಕೆ ಹೋಗಿ ಪುಸ್ತಕ ಅಚ್ಚು ಹಾಕಿಸಿ ತಂದಿದ್ದ. ಆಚಾರಿ ಮುದುಕಿಗೆ ಮಾತು ಕೊಟ್ಟದ್ದು ಅವನನ್ನು ನಂಬಿ.

ಮೊದಲು ಲಾಡು ಹಂಚಿದರು. ಹೊನ್ನಪ್ಪನ ಮಗ ಶಿವಶಂಕರ್ ವೇದಿಕೆಯ ಮೇಲೆ ಜರಿ ಬಟ್ಟೆ ಹಾಸಿದ ಮೇಜಿನಿಂದ ತಟ್ಟೆ ತುಂಬಿಸಿ ತುಂಬಿಸಿ ಕೊಟ್ಟ. ಸಮಾರಂಭದ ಓಡಾಟವೆಲ್ಲ ಅವನದೇ. ಹೂವಿನ ಹಾರ ಹೊತ್ತು ಮುಂದಿನ ಸಾಲಿನಲ್ಲಿ ಕೂತ ಹೊನ್ನಪ್ಪ ಎರಡು ಲಾಡು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದ. ಆಮೇಲೆ ಶ್ರೀನಿವಾಸ ಮೈಕಿನ ಮುಂದೆ ನಿಂತು ಓದತೊಡಗಿದ. ಊರಿನ ತಾಯಂದಿರ ಸಂಕಟಕ್ಕೆ ಮರುಗಿ ಹೊನ್ನಪ್ಪನವರು ತಮ್ಮ ಫಲವತ್ತಾದ ಭೂಮಿಯನ್ನು ದಾನ ಮಾಡಿದರಂತೆ. ಅವರ ದೂರದೃಷ್ಟಿಯಂತೆ. ಜನ ಚಪ್ಪಾಳೆ ತಟ್ಟಿದರು. ಕೊನೆಯ ಹಾಳೆಯವರೆಗೂ ಪುಟ್ಟಗೌರಮ್ಮನ ಹೆಸರಿಲ್ಲ, ಅವಳ ಮಗಳದ್ದಂತೂ ಇಲ್ಲವೇ ಇಲ್ಲ. ಮುದುಕಿ ಕಿವಿಗೆ ಕೈ ಆನಿಸಿಕೊಂಡು, ಇನ್ನೂ ಓದಿಲ್ಲವೇನಪ್ಪ ಎಂದು ಎರಡು ಸಲ ಕೇಳಿದಳು.

ಆಚಾರಿ ಎದ್ದು ವೇದಿಕೆಯ ಪಕ್ಕಕ್ಕೆ ಹೋಗಿ ಅಳಿಯನನ್ನು ಕರೆದ. ಶ್ರೀನಿವಾಸ ತಲೆ ಬಗ್ಗಿಸಿಯೇ ಪಿಸುಗುಟ್ಟಿದ. ಬರೆದಿದ್ದನಂತೆ. ಮಂಗಳ ಕಾರ್ಯದಲ್ಲಿ ಅಂಥವಳ ಹೆಸರು ಬೇಡವೆಂದು ಅಚ್ಚಿಗೆ ಹೋಗುವ ಮುಂಚೆ ಗೌಡರು ಹೊಡೆದುಹಾಕಿಸಿದರಂತೆ. ಜಾಗದ ವಿಷಯ ಹೇಗೂ ಯಾರಿಗೂ ನೆನಪಿಲ್ಲವಲ್ಲ ಮಾವ ಎಂದ. ಆಚಾರಿಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು. ತಮ್ಮ ಮನೆಯ ಹುಡುಗ, ಓದಿದವನು, ಇಂಥ ಎಂಜಲಿಗೆ ಬಿದ್ದನಲ್ಲ ಎಂದುಕೊಂಡು ಮುಖ ತಿರುಗಿಸಿದ.

ತಿರುಗಿಸಿದ ಕಣ್ಣು ಲಾಡಿನ ಮೇಜಿನ ಮೇಲೆ ಬಿತ್ತು. ಒಂದು ತುದಿಯಲ್ಲಿ ಜರಿ ಬಟ್ಟೆ ಅರ್ಧಚಂದ್ರದ ಹಾಗೆ ಒಳಕ್ಕೆ ಜಗ್ಗಿತ್ತು. ಅಲ್ಲಿಟ್ಟ ತಟ್ಟೆ ವಾಲಿಕೊಂಡಿತ್ತು. ಆಚಾರಿ ಬಗ್ಗಿ ಕಾಲುಗಳನ್ನು ನೋಡಿದ. ತನ್ನ ಬೆಣೆ, ತನ್ನ ಉಳಿಯ ಕೆಲಸ. ಹೆರಿಗೆ ವಾರ್ಡಿನ ಬೀಗ ತೆಗೆಸಿ, ಸಿಕ್ಕಿದ ಗಟ್ಟಿ ಮೇಜನ್ನು ಹೊರಿಸಿ ತಂದಿದ್ದರು. ಅದೇನೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಅವನು ಮೆಟ್ಟಿಲು ಹತ್ತಿ ಅಳಿಯನ ಕೈಯಿಂದ ಮೈಕು ಕಿತ್ತುಕೊಂಡ. ಇನ್ನೊಂದು ಕೈಯಲ್ಲಿ ಬಟ್ಟೆಯನ್ನು ಸರಿಸಿ, ಕೊರೆದ ಹಲಗೆ ಎಲ್ಲರಿಗೂ ಕಾಣುವಂತೆ ಮಾಡಿದ.

"ನೀವೆಲ್ಲ ಲಾಡು ತಿಂದಿದ್ದು ಎರಿಗೆ ಮೇಜಿನ ಮ್ಯಾಲಿಂದು," ಎಂದ. "ಇದು ಪುಟ್ಟಗೌರವ್ವನ ಇತ್ತಲ ಮರ. ಈ ಜಾಗಾನೂ ಆವಮ್ಮಂದೇಯ. ಇದರಡೀಲಿ ಆವಮ್ಮನ ಮಗಳು ಚಿಕ್ಕಬೋರಮ್ಮನ ಎಸರ ನಾನೇ ಕೆತ್ತಿವ್ನಿ."

ಮುಂದಿನ ಸಾಲಿನಿಂದ ಓ ಎಂದು ವಾಕರಿಸುವ ಸದ್ದು ಕೇಳಿತು. ಹೊನ್ನಪ್ಪ ಬಾಯಲ್ಲಿದ್ದುದನ್ನು ಹೆಗಲ ಟವಲಿಗೆ ಉಗಿದ. ಹೆಂಗಸರು ಸೆರಗಿನಿಂದ ನಾಲಿಗೆ ಒರೆಸಿಕೊಂಡರು. ಒಬ್ಬೊಬ್ಬರೇ ಬಾಯಿ ಮುಕ್ಕಳಿಸಲು ನಲ್ಲಿಯ ಕಡೆ ಓಡಿದರು. ನಲ್ಲಿ ಗೊರ್ ಎಂದು ಗಾಳಿ ಬಿಟ್ಟಿತು, ಅಷ್ಟೇ. ಇಪ್ಪತ್ತೈದು ವರ್ಷದ ಆಸ್ಪತ್ರೆಯಲ್ಲಿ ಬಾಯಿ ತೊಳೆಯಲು ಒಂದು ಚೊಂಬು ನೀರಿರಲಿಲ್ಲ.

"ಥೂ, ಮೈಲಿಗೆ ಮಾಡ್ಬುಟ್ಟಲ್ಲೋ ಆಚಾರಿ. ಸುಟ್ಟಾಕ್ರಲಾ ಅದ," ಎಂದ ಹೊನ್ನಪ್ಪ.

"ಗೌಡ್ರೇ, ಎಪ್ಪತ್ಮೂರ್ರಲ್ಲಿ ನಿಮ್ಮನೆಯೋರ್ನ ನೀವೇ ಎತ್ಕಬಂದು ಇದ್ರ ಮ್ಯಾಲೆ ಮಲಗಿಸಿದ್ರಿ. ಈ ನಿಮ್ಮ ಮಗ ಉಟ್ಟಿದ್ದು ಇದ್ರ ಮ್ಯಾಲೇಯ. ಅವನ ಕೈಲಿ ಕೊಟ್ಟಿದ್ದ ಎಂಗ್ ತಿಂದ್ರಿ?"

ಶಿವಶಂಕರನ ಕೈಯಲ್ಲಿ ತಟ್ಟೆ ಹಾಗೇ ಉಳಿಯಿತು. ಹೊನ್ನಪ್ಪ ಮಗನ ಮುಖ ನೋಡಿದ, ಮೇಜು ನೋಡಿದ, ಮತ್ತೆ ಟವಲನ್ನು ಬಾಯಿಗೊತ್ತಿಕೊಂಡ. ಅಷ್ಟಾದರೂ ಅವನಿಗೆ ವಾಕರಿಕೆಯೇ ಬಂದಿತೇ ಹೊರತು ಬೇರೇನೂ ಬರಲಿಲ್ಲ. ಇಂಥವರಿಗೆಂದು ಮೂರು ತಿಂಗಳು ಮರ ಹದ ಮಾಡಿದೆನಲ್ಲ ಎಂದು ಆಚಾರಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಷ್ಟರಲ್ಲಿ ಪುಟ್ಟಗೌರಮ್ಮ ಕೋಲೂರುತ್ತ ವೇದಿಕೆ ಹತ್ತಿದ್ದಳು. ಮೇಜಿನ ಅಡಿಗೆ ಕೈ ಹಾಕಿ, ಬೆರಳಿಗೆ ಅಕ್ಷರ ಸಿಗುವವರೆಗೆ ತಡವಿದಳು. ಆಮೇಲೆ ವಾಲಿದ ತಟ್ಟೆಯಿಂದ ಒಂದು ಲಾಡು ತೆಗೆದು, ಹಲ್ಲಿಲ್ಲದ ಬಾಯಿಗೆ ಪುಡಿ ಮಾಡಿ ಹಾಕಿಕೊಂಡು ನಿಧಾನವಾಗಿ ತಿಂದಳು. ನಲ್ಲಿಯ ಹತ್ತಿರ ಉಗಿಯುತ್ತಿದ್ದವರನ್ನೆಲ್ಲ ಒಮ್ಮೆ ನೋಡಿದಳು.

"ಇಷ್ಟ್ ವರ್ಸಕ್ಕೆ ನನ್ನ ಮಗಳ ತಿಥಿ ಆಯ್ತು ಕಣಪ್ಪ ಆಚಾರಿ," ಎಂದಳು. "ಅವತ್ತು ಒಬ್ರೂ ಬರ್ನಿಲ್ಲ. ಇವತ್ತು ಊರೇ ಬಂದು ಉಂಡದೆ."