ಮೂರು ಬೆರಳಿನ ಮಡಿಕೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ ಬಂದಿತ್ತು. ಅತ್ತೆಯ ಮಗ, ಸೊಸೆಯ ಗಂಡ, ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದ. ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ ಅವನ ಕಾರನ್ನು ಈಗ ಸೊಸೆ ಓಡಿಸುತ್ತಿದ್ದಳು. ಅದೇ ಮಕ್ಕಳ ಸಮವಸ್ತ್ರ ಹೊಲಿಯುವವಳು ಅತ್ತೆ.

ಕಾರಿನ ನಾಲ್ಕೂ ಬಾಗಿಲುಗಳ ಒಳಬಟ್ಟೆ ಅಂಟು ಬಿಟ್ಟು ಜೋತುಬಿದ್ದಿತ್ತು. ಮಕ್ಕಳು ಅದರೊಳಗೆ ಬೆರಳು ತೂರಿಸಿ, ಹಳದಿ ಸ್ಪಂಜು ಕಿತ್ತು, ಒಬ್ಬರ ತಲೆಯ ಮೇಲೊಬ್ಬರು ಉದುರಿಸುತ್ತಿದ್ದರು. ಶುಕ್ರವಾರ ಶಾಲೆಯ ವಾಹನಗಳ ಮೇಲ್ವಿಚಾರಕ ಬಾಗಿಲು ತೆಗೆದು ನೋಡಿದ. "ಸೋಮವಾರ ಬೆಳಿಗ್ಗೆ ಇದು ಸರಿ ಇರ್ಬೇಕಮ್ಮ. ಇಲ್ಲಾಂದ್ರೆ ಈ ಮಕ್ಕಳನ್ನ ಬೇರೆ ಗಾಡಿಗೆ ಹಾಕ್ತೀನಿ," ಎಂದ. ಸಿಟ್ಟಿನಿಂದೇನೂ ಅಲ್ಲ. ಆದರೆ ಹಾಗಾದರೆ ಕಾರು ಮನೆಯ ಮುಂದೆ ನಿಂತುಬಿಡುತ್ತದೆ. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಸೊಸೆಗೆ ಉಳಿದಿದ್ದ ಕಾರಣ ಆ ಕಾರೊಂದೇ.

ಶನಿವಾರ ಅವಳು ಸ್ಕ್ರೂ ಬಿಚ್ಚಿ, ಗಾಜು ಇಳಿಸುವ ಹ್ಯಾಂಡಲ್ ಕಳಚಿ, ಸಂದಿಗೆ ಮೊಂಡು ಚಾಕು ತೂರಿಸಿ ಮೀಟಿದಳು. ಒಳಬಟ್ಟೆ ಅಂಟಿಸಿದ್ದ ಪ್ಯಾನೆಲ್ಲಿನ ಹಿಂದಿದ್ದ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಂದೊಂದಾಗಿ ಟಪ್ ಎಂದು ಬಿಟ್ಟುಕೊಂಡವು. ನಾಲ್ಕು ಪ್ಯಾನೆಲ್ಲುಗಳನ್ನೂ ಊಟದ ಮೇಜಿನ ಮೇಲೆ ಹಾಕಿ ಹಳೆಯ ಬಟ್ಟೆ ಕಿತ್ತು, ಸ್ಪಂಜನ್ನು ಬ್ರಷ್ಷಿನಿಂದ ಉಜ್ಜಿ ತೆಗೆದಳು. ಹಳದಿ ಪುಡಿ ಕೂದಲಿಗೆ, ಹುಬ್ಬಿಗೆ, ಮುಚ್ಚಿಟ್ಟಿದ್ದ ಅನ್ನದ ಪಾತ್ರೆಗೆ ಮೆತ್ತಿಕೊಂಡಿತು. ಒರೆಸಬೇಕು ಎಂದುಕೊಂಡಳು. ಒರೆಸಲಿಲ್ಲ.

ಅತ್ತೆ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಬಂದಳು.

"ಇದನ್ನ ಗ್ಯಾರೇಜಿನವನಿಗೆ ಕೊಡೋಕೆ ಏನಾಗಿತ್ತು?"

"ಹತ್ತು ದಿನ ಬೇಕು ಅಂದ."

"ಹತ್ತು ದಿನದಲ್ಲಿ ನಾನು ಒಂದು ಇಡೀ ಕ್ಲಾಸಿಗೆ ಹೊಲಿದು ಕೊಡ್ತೀನಿ. ಸರಿ ಆಚೆ. ನಿನ್ನ ಕೈಗೆ ಕತ್ತರಿ ಕೊಟ್ರೆ ಇಲಿ ಕಡಿದ ಹಾಗಿರುತ್ತೆ."

ಸೊಸೆ ಸರಿದು ನಿಂತಳು.

ಅತ್ತೆ ಬೂದುಬಣ್ಣದ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಒಂದೇ ಉಸಿರಿಗೆ ಕತ್ತರಿಸಿದಳು. ಸೊಸೆ ಬಟ್ಟೆಗೂ ಪ್ಯಾನೆಲ್ಲಿಗೂ ಅಂಟು ಬಳಿದು, ಬೆರಳಿಗೆ ಹತ್ತದಷ್ಟು ಆರಲು ಬಿಟ್ಟು, ನಡುವಿನಿಂದ ಅಂಚಿನ ಕಡೆಗೆ ನೀವುತ್ತ ಒತ್ತಿದಳು. ಹ್ಯಾಂಡಲ್ಲಿನ ತೂತು ಬಿಡಿಸಿದಳು. ಅಂಚು ಮಡಚುವ ಕೆಲಸ ಅತ್ತೆಯದು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಇಸ್ತ್ರಿ ಮಾಡಿದ ಅಂಗಿಗಳ ಹಾಗೆ ಗೋಡೆಗೊರಗಿ ನಿಂತಿದ್ದವು.

ಮೊದಲನೆಯದನ್ನು ಬಾಗಿಲಿಗೆ ಹಿಡಿದರೆ ಅದು ಕೂರಲಿಲ್ಲ. ಕ್ಲಿಪ್ಪುಗಳು ತೂತಿನವರೆಗೂ ಹೋಗಿ ಅಲ್ಲೇ ನಿಂತವು. ಸೊಸೆ ಅಂಗೈಯಿಂದ ಗುದ್ದಿದಳು. ಒಂದು ಕ್ಲಿಪ್ಪು ಮುರಿಯಿತು. ಹೆಚ್ಚಿಗೆ ಇದ್ದದ್ದು ಎರಡೇ. ಪ್ಯಾನೆಲ್ಲನ್ನು ತಿರುಗಿಸಿ ನೋಡಿದಳು. ಹಿಂಬದಿಯ ಸುತ್ತಲೂ ಬಟ್ಟೆ ಮಡಿಕೆಯ ಮೇಲೆ ಮಡಿಕೆಯಾಗಿ ಹಗ್ಗದಷ್ಟು ದಪ್ಪಕ್ಕೆ ಅಂಟಿಕೊಂಡಿತ್ತು.

"ಅತ್ತೆ, ಇಷ್ಟೊಂದು ಬಟ್ಟೆ ಯಾಕೆ ಒಳಗೆ ಬಿಟ್ರಿ?"

"ಮೂರು ಬೆರಳಷ್ಟು ಮಡಿಕೆ ಬಿಡದೆ ಹೊಲಿದ್ರೆ ಆಗುತ್ತಾ? ಮುಂದಿನ ವರ್ಷ ಮಕ್ಕಳು ಬೆಳೆದಾಗ ಅವರಮ್ಮಂದಿರು ನನ್ನ ಮಾನ ಹರಾಜು ಹಾಕ್ತಾರೆ."

"ಕಾರು ಬೆಳೆಯಲ್ಲ, ಅತ್ತೆ."

ಅತ್ತೆ ತನ್ನ ಕೈಯನ್ನೇ ಪರರ ಕೈ ಎಂಬಂತೆ ನೋಡಿಕೊಂಡಳು. ಆಮೇಲೆ ನಕ್ಕಳು. ಈ ಎಂಟು ತಿಂಗಳಲ್ಲಿ ಮೊದಲ ಸಲ. ಸೊಸೆಗೂ ನಗು ಬರಬೇಕಿತ್ತು. ಬರಲಿಲ್ಲ.

"ನಲವತ್ತು ವರ್ಷ ಹೊಲಿದ ಕೈ, ನನ್ನ ಮಾತು ಎಲ್ಲಿ ಕೇಳುತ್ತೆ?" ಎಂದಳು ಅತ್ತೆ. "ನಿನ್ನ ಗಂಡ ಚಿಕ್ಕವನಿದ್ದಾಗ ಅವನ ಒಂದೇ ಪ್ಯಾಂಟನ್ನ ಮೂರು ಸಲ ಬಿಚ್ಚಿ ಉದ್ದ ಮಾಡಿದ್ದೀನಿ. ಸೋರೆಕಾಯಿ ಬೆಳೆದ ಹಾಗೆ ಬೆಳೀತಿದ್ದ."

ಅಂಟು ಕಚ್ಚಿದ ಮಡಿಕೆ ಬಿಚ್ಚುವುದೆಂದರೆ ಗಾಯದ ಪಟ್ಟಿ ಕಿತ್ತ ಹಾಗೆ. ಸೊಸೆ ಎಳೆದಳು, ಅತ್ತೆ ಕತ್ತರಿಸಿದಳು. ನೆಲದ ತುಂಬ ಬೂದುಬಣ್ಣದ ಪಟ್ಟಿಗಳು ಬಿದ್ದವು. ಹೊತ್ತು ಇಳಿಯುವಷ್ಟರಲ್ಲಿ ಮೂರು ಬಾಗಿಲುಗಳು ಕೂತವು. ಉಳಿದದ್ದು ಚಾಲಕನ ಬಾಗಿಲು, ಮಗ ಕೂರುತ್ತಿದ್ದ ಕಡೆಯದು. ಅದರ ಪ್ಯಾನೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕತ್ತರಿ ಕೆಳಗಿಟ್ಟಳು.

"ಇದೊಂದು ಇರ್ಲಿ ಬಿಡೆ."

"ಕೂರಲ್ಲ."

"ಇದೊಂದನ್ನ ನನ್ನ ಕೈಲಿ ಕತ್ತರಿಸೋಕಾಗಲ್ಲ."

ಬೆಳಗಾದರೆ ಸೋಮವಾರ. ಅವಳು ಪ್ಯಾನೆಲ್ಲನ್ನು ಎತ್ತಿಕೊಂಡು ಹಿಂಬದಿಯಲ್ಲಿ ಸುತ್ತ ಕೈಯಾಡಿಸಿದಳು. ಕ್ಲಿಪ್ಪುಗಳಿದ್ದದ್ದು ಮೂರು ಕಡೆ. ಗಾಜಿನ ಕೆಳಗೆ ಬರುವ ಮೇಲಂಚು ಬಾಗಿಲಿಗೆ ಸುಮ್ಮನೆ ಸಿಕ್ಕಿಕೊಳ್ಳುವಂಥದ್ದು, ಅಲ್ಲಿ ಕ್ಲಿಪ್ಪಿರಲಿಲ್ಲ.

"ಮೇಲಿನದು ಇರ್ಲಿ," ಎಂದಳು. "ಮೂರು ಕಡೆ ನಾನೇ ತೆಗೀತೀನಿ."

"ಇಲಿ ಕಡಿದ ಹಾಗೆ ಮಾಡ್ಬೇಡ," ಎಂದು ಅತ್ತೆ ಕತ್ತರಿಯನ್ನು ಅವಳ ಕಡೆ ತಳ್ಳಿ, ಮುಖ ತೊಳೆಯಲು ಎದ್ದುಹೋದಳು.

ಸೊಸೆ ಇಲಿ ಕಡಿದ ಹಾಗೆಯೇ ಕತ್ತರಿಸಿದಳು. ಪ್ಯಾನೆಲ್ ಕೂತಿತು. ಮೇಲಂಚು ಮಾತ್ರ ಒಂದಿಷ್ಟು ಉಬ್ಬಿತು.

ಸೋಮವಾರ ಬೆಳಿಗ್ಗೆ, ಮಕ್ಕಳನ್ನು ಕರೆತರಲು ಹೊರಡುವ ಮೊದಲು, ಮೇಲ್ವಿಚಾರಕ ಒಂದೊಂದೇ ಬಾಗಿಲು ತೆರೆದು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಯಾರು ಮಾಡಿದ್ದು?"

"ನಮ್ಮತ್ತೆ. ಯೂನಿಫಾರ್ಮ್ ಹೊಲೀತಾರಲ್ಲ, ಅವರೇ."

ಚಾಲಕನ ಬಾಗಿಲ ಹತ್ತಿರ ಅವನ ಹೆಬ್ಬೆರಳು ನಿಂತಿತು. "ಇಲ್ಲಿ ಉಬ್ಬಿದೆ."

"ಹೌದು."

ಅವನು ಅದನ್ನು ಇನ್ನೊಮ್ಮೆ ಒತ್ತಿ ನೋಡಿದ.

"ಮಕ್ಕಳು ಕೂರೋ ಕಡೆ ಅಲ್ವಲ್ಲ," ಎಂದು ಕಾಗದದಲ್ಲಿ ಗುರುತು ಹಾಕಿದ. "ನಡೀರಿ."

ಆ ಬೆಳಿಗ್ಗೆ ಮಕ್ಕಳು ಎಂದಿನಂತೆ ಹತ್ತಿ ಕೂತರು. ಹಿಂದಿನಿಂದ ಒಂದು ದೂರು ಬಂತು: "ಆಂಟಿ, ನಮ್ಮ ಸ್ಪಂಜೆಲ್ಲಿ?"

"ಮುಗೀತು," ಎಂದಳು.

ದಾರಿಯಲ್ಲಿ ಗಾಜು ಇಳಿಸಿ ಮೊಣಕೈ ಊರಿದಳು. ಅದು ನೇರ ಆ ಉಬ್ಬಿನ ಮೇಲೆ ಬಂತು. ಮೆತ್ತಗಿತ್ತು. ಬಿಚ್ಚಿ ಸರಿಮಾಡಬಹುದಿತ್ತು. ಮತ್ತೆ ಸ್ಕ್ರೂ, ಮತ್ತೆ ಅಂಟು, ಮತ್ತೆ ಆರುವ ತನಕ ಕಾಯುವುದು. ಅವಳು ಕೈ ತೆಗೆಯಲಿಲ್ಲ. ನಾಳೆಯೂ ಐದಕ್ಕೆ ಏಳಬೇಕು.